ಚಿಕ್ಕ ಮೇಸ್ತ್ರಿಯ ಬಸವನಹುಳುಗಳು

"ಆ ಪ್ಲಗ್ಗಿಗೆ ಕೈ ಹಚ್ಚಬೇಡಿ ಭಾವ! ಕೈ ತೆಗೀರಿ ಅಂದೆ!"

"ಹಚ್ತೀನಿ, ಏನ್ ಮಾಡ್ತೀಯ? ಇನ್ನೇನು ನನ್ನ ತಮ್ಮನ್ನ ಆಸ್ಪತ್ರೆಯಿಂದ ತರ್ತಾರೆ. ಈ ಬಾಗಿಲಲ್ಲಿ ಪೆಟ್ಟಿಗೆ ತಿರುಗೋದಿಲ್ಲ. ಮನೆ ಯಜಮಾನ ಒಳಗೆ ಬರೋಕೆ ಜಾಗ ಇಲ್ಲ, ನಿನಗೆ ಹುಳದ ಚಿಂತೆ!"

"ಹೌದು, ಹುಳದ್ದೇ ಚಿಂತೆ. ಅವರಿಗೂ ಕೊನೇವರೆಗೆ ಅದೇ ಚಿಂತೆ ಇತ್ತು."

"ಅಂದ್ರೆ ಹುಳಕ್ಕೋಸ್ಕರ ಅವನು ಬೀದೀಲಿ ಕಾಯ್ಬೇಕಾ?"

"ಕಾಯ್ಲಿ ಬಿಡಿ. ಬದುಕಿದ್ದಾಗ ಯಾವತ್ತು ಅವಸರ ಮಾಡಿದ್ರು, ಈಗ ಮಾಡೋಕೆ?"

ದೊಡ್ಡ ಮೇಸ್ತ್ರಿಯ ಕೈ ಪ್ಲಗ್ಗಿನ ಮೇಲೆಯೇ ಇತ್ತು. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು ಅವನು ಈ ಮನೆಯ ಹೊಸಿಲು ತುಳಿದು. ಬೆಳಗ್ಗೆ ಬಂದವನೇ ಒಂದು ಮಾತೂ ಆಡದೆ ಕೋಟು ಬಿಚ್ಚಿ, ಇಸ್ತ್ರಿ ಬಟ್ಟೆ ನೇತುಹಾಕುವ ಕಂಬಿಗೆ ಸಿಕ್ಕಿಸಿ, ಸೀದಾ ಬಂದು ಬಾಗಿಲ ಅಗಲ ಅಳೆದಿದ್ದ. ಗೇಣಿನಿಂದ ಅಳೆದರೂ ಕೂದಲೆಳೆ ತಪ್ಪದ ಕೈ ಅದು. ಆಮೇಲೆ ಕಣ್ಣು ತೊಟ್ಟಿಯ ಮೇಲೆ ಬಿತ್ತು. ಬಾಗಿಲ ಒಳಮಗ್ಗುಲಲ್ಲೇ, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಎರಡು ತೋಳು ಚಾಚಿದಷ್ಟು ಉದ್ದದ ಗಾಜಿನ ತೊಟ್ಟಿ. ಒಳಗೆ ಫಿಲ್ಟರು ಮುದುಕ ಬಾಯಿ ಮುಕ್ಕಳಿಸಿದ ಹಾಗೆ ಗುಳುಗುಳು ಅನ್ನುತ್ತಿತ್ತು.

ಊರಲ್ಲಿ ಅಣ್ಣ ತಮ್ಮ ಇಬ್ಬರೂ ನಲ್ಲಿ ಕೆಲಸದವರು. ಅಣ್ಣ ದೊಡ್ಡ ಮೇಸ್ತ್ರಿ, ತಮ್ಮ ಚಿಕ್ಕ ಮೇಸ್ತ್ರಿ. ಚಿಕ್ಕ ಮೇಸ್ತ್ರಿ ಮೊನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಅವನ ಹೆಂಡತಿಗೆ ಬೀದಿಯವರೆಲ್ಲ ಇಸ್ತ್ರಿಯಮ್ಮ ಎನ್ನುತ್ತಿದ್ದರು. ಮನೆಯ ಮುಂಗೋಣೆಯಲ್ಲೇ ಮೇಜು ಹಾಕಿಕೊಂಡು ಮೂವತ್ತು ವರ್ಷದಿಂದ ಬೀದಿಯ ಬಟ್ಟೆಗೆಲ್ಲ ಇಸ್ತ್ರಿ ಹಾಕಿದವಳು. ಬಿಸಿಯ ಕೆಲಸ ಮಾಡಿದ್ದಕ್ಕೋ ಏನೋ, ಮಾತೂ ಬಿಸಿ.

"ಅಮ್ಮಾ, ಜನ ನೋಡ್ತಿದ್ದಾರೆ," ಎಂದಳು ಮಗಳು, ಕಿಟಕಿಯ ಕಡೆ ಕಣ್ಣು ತೋರಿಸಿ.

"ನೋಡ್ಲಿ. ಟಿಕೆಟ್ ಇಟ್ಟಿದ್ದೀವಾ?"

ಕಿಟಕಿಯಾಚೆ ಬೇಕರಿಯವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅತ್ತಳೋ ನಕ್ಕಳೋ ಹೇಳುವುದು ಕಷ್ಟವಿತ್ತು.

ಪೇಂಟರ್ ನಡುವೆ ಬಂದ. ಚಿಕ್ಕ ಮೇಸ್ತ್ರಿಯ ಜೊತೆ ನೂರಾರು ಮನೆಗಳಲ್ಲಿ ಕೆಲಸ ಮಾಡಿದವನು. ಮೇಸ್ತ್ರಿ ಪೈಪು ಹೂಳಿದ ಗೋಡೆಗೆ ಇವನು ಬಣ್ಣ. "ಅಣ್ಣಾ, ಅತ್ತಿಗೆ, ಇಬ್ಬರೂ ಒಂದ್ನಿಮಿಷ ಕೇಳಿ. ತೊಟ್ಟಿ ಸರಿಸಲೇಬೇಕು, ಅದು ಹೌದು. ನೀರು ತುಂಬಿದ ತೊಟ್ಟೀನ ಎತ್ತೋಕೆ ಆನೇನೇ ಬೇಕು, ಅದೂ ಹೌದು. ನೀರು ಖಾಲಿ ಮಾಡೋಣ."

"ಅದನ್ನೇ ಹೇಳ್ತಿರೋದು ನಾನು. ಒಂದು ಪೈಪು ಹಾಕಿ ಚರಂಡಿಗೆ ಬಿಟ್ರೆ..." ಎಂದ ದೊಡ್ಡ ಮೇಸ್ತ್ರಿ.

"ಚರಂಡಿ ಅನ್ನೋ ಮಾತು ಇನ್ನೊಂದು ಸಲ ಬಂದ್ರೆ," ಎಂದಳು ಇಸ್ತ್ರಿಯಮ್ಮ, "ತೊಟ್ಟಿ ಅಲ್ಲ, ನೀವು ಹೊರಗೆ ಹೋಗ್ತೀರಿ. ಬಗ್ಗಿ ನೋಡಿ. ಗಾಜಿಗೆ ಕಣ್ಣು ಹತ್ತಿರ ಇಟ್ಟು ನೋಡಿ."

ದೊಡ್ಡ ಮೇಸ್ತ್ರಿ ಬಗ್ಗಿದ. ಕನ್ನಡಕ ಹಣೆಗೇರಿಸಿದ. ಗಾಜಿನ ಮೇಲೆ, ಎಲೆಗಳ ಕೆಳಗೆ, ಸ್ಟ್ಯಾಂಡಿನ ತುಕ್ಕು ಅಂತ ತಾನು ಅಂದುಕೊಂಡಿದ್ದ ಚುಕ್ಕೆಗಳ ಜಾಗದಲ್ಲಿ, ಎಳ್ಳು ಚೆಲ್ಲಿದ ಹಾಗೆ ಏನೋ ಇತ್ತು. ಒಂದು ಎಳ್ಳು ಹೊರಳಿತು. ಕೂದಲಿಗಿಂತ ಸಣ್ಣ ಎರಡು ಮೀಸೆ ಹೊರಬಂದವು.

"ಇವು ಯಾವಾಗ ಆದ್ವು?"

"ಮೊನ್ನೆ," ಎಂದಳು ಅವಳು. ಅಷ್ಟಕ್ಕೇ ನಿಲ್ಲಿಸಿದಳು.

ದೊಡ್ಡ ಮೇಸ್ತ್ರಿ ಪ್ಲಗ್ಗಿನಿಂದ ಕೈ ತೆಗೆದ.

*

ಮೊದಲನೆಯ ಹುಳ ಬಂದದ್ದು ಊಟದ ಡಬ್ಬಿಯಲ್ಲಿ.

ಕಣ್ಣಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕಟ್ಟಿಕೊಂಡ ಮೋರಿ ಬಿಡಿಸಲು ಹೋಗಿದ್ದ ಚಿಕ್ಕ ಮೇಸ್ತ್ರಿ. ಅಲ್ಲಿ ಕಾಯುವ ಕೋಣೆಯ ಮೀನಿನ ತೊಟ್ಟಿ ತೆಗೆದುಹಾಕುತ್ತಿದ್ದರು. ಮೀನು ಯಾರೋ ಒಯ್ದಿದ್ದರು. ಉಳಿದ ಗಿಡ, ಕಲ್ಲು, ನೀರು ಎಲ್ಲ ಬಕೆಟ್ಟಿನಲ್ಲಿ, ಅವನು ಆಗತಾನೆ ಬಿಡಿಸಿದ ಮೋರಿಗೇ ಸುರಿಯಲು ತಯಾರಾಗಿತ್ತು. ಗಿಡಕ್ಕೆ ಕಚ್ಚಿಕೊಂಡು ಅಡಿಕೆಯಷ್ಟು ದಪ್ಪದ, ಜೇನಿನ ಬಣ್ಣದ ಬಸವನಹುಳು. "ನಾನು ಬಿಡಿಸಿದ ಮೋರಿಗೆ ಜೀವ ಹಾಕ್ಬೇಡಿ," ಎಂದು ಬೈದು, ಡಬ್ಬಿ ತೊಳೆದು, ಅದರಲ್ಲಿ ತಂದ.

"ಊಟದ ಡಬ್ಬೀಲಿ ಹುಳಾನಾ?" ಎಂದು ಅವಳು ಕೂಗಿದ್ದು ಬೇಕರಿಯವರೆಗೂ ಕೇಳಿಸಿತ್ತು. "ಗಂಡ ಮಲ್ಲಿಗೆ ತರ್ತಾನೆ, ಸಿಹಿ ತರ್ತಾನೆ. ನನ್ನ ಗಂಡ ಹುಳ ತರ್ತಾನೆ!"

ಅವನು ಹುಳಕ್ಕೆಂದು ಗಾಜು ಅಂಟಿಸಿ ತಾನೇ ತೊಟ್ಟಿ ಮಾಡಿದ. ಒಂದು ಬೆಳಗ್ಗೆ ಅದರ ಮುಚ್ಚಳದ ಒಳಮೈಗೆ, ನೀರಿನಿಂದ ಮೇಲೆ, ಗುಲಾಬಿ ಬಣ್ಣದ ಗೊಂಚಲೊಂದು ಅಂಟಿಕೊಂಡಿತ್ತು. ಬೇರೆ ಯಾರಾದರೂ ಹಣ್ಣೋ ಕಾಯೋ ಅಂದುಕೊಳ್ಳುತ್ತಿದ್ದರು. ಅವನು ನಲ್ಲಿ ಕೆಲಸದವನು. ತೊಟ್ಟಿಯ ಅಂಚಿಗೆ ತಾನೇ ಹಚ್ಚಿದ್ದ ಅಂಟು ಮೇಲಕ್ಕೆ ಉಬ್ಬಿದೆ ಅಂದುಕೊಂಡ. ಒಣಗಿದೆಯೋ ಇಲ್ಲವೋ ನೋಡಲು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ.

ಅದು ಮೊಟ್ಟೆ ಎಂದು ಮೀನಿನ ಅಂಗಡಿಯವನು ಹೇಳಿದ ದಿನ ಅವನಿಗೆ ಊಟ ಸೇರಲಿಲ್ಲ. ಹೆಬ್ಬೆರಳನ್ನು ಬೇರೆಯವರದ್ದು ಎಂಬಂತೆ ನೋಡಿಕೊಳ್ಳುತ್ತ ಕೂತ. ಅವಳಿಗೆ ನಗು ಬಂತು, ಹಿಂದೆಯೇ ಪಾಪ ಅನ್ನಿಸಿತು. ಸಿಟ್ಟು ಬಂದರೆ ಸ್ಪ್ಯಾನರ್ ಎಸೆಯುವ ಮನುಷ್ಯ ಇವನೇ ಏನು?

ಆಮೇಲೆ ಕಲಿತ. ಇಟ್ಟ ಮೊಟ್ಟೆಯನ್ನು ಒಂದು ದಿನ ಮುಟ್ಟಬಾರದು, ಸಿಪ್ಪೆ ಗಟ್ಟಿಯಾಗಲಿ. ಆಮೇಲೆ ಬೆರಳು ಒದ್ದೆ ಮಾಡಿಕೊಂಡು, ಎಳೆಯದೆ, ಆ ಕಡೆ ಈ ಕಡೆ ಸರಿಸುತ್ತ ಬಿಡಿಸಬೇಕು. ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟು ಆ ಡಬ್ಬಿಯನ್ನು ನೀರಿನ ಮೇಲೆ ತೇಲಿಬಿಡಬೇಕು. ಗುಲಾಬಿ ಹೋಗಿ ಬೂದಿ ಬಣ್ಣ ಬಂದು, ಬೂಷ್ಟು ಹಿಡಿದ ಹಾಗೆ ಕಂಡಾಗ ಬಿಸಾಕಬಾರದು. ಅದೇ ಹೊತ್ತು ಹತ್ತಿರ ಬಂದ ಗುರುತು. ಮರಿ ಬಂದಮೇಲೆ ಬೇಯಿಸಿದ ಕೋಸಿನ ಎಲೆ, ಅರೆದ ಮೊಟ್ಟೆ ಚಿಪ್ಪು. ಫಿಲ್ಟರಿನ ಬಾಯಿಗೆ ತೆಳು ಬಟ್ಟೆ ಕಟ್ಟದಿದ್ದರೆ ಒಂದೂ ಉಳಿಯದು, ಎಲ್ಲ ಒಳಗೆ ಎಳೆದುಕೊಂಡು ಹೋಗುತ್ತದೆ. ಆ ತೆಳು ಬಟ್ಟೆಗೆ ಇಸ್ತ್ರಿ ಮೇಜಿನ ಕೆಳಗೆ ವರ್ಷದಿಂದ ಬಿದ್ದಿದ್ದ, ಯಾರೂ ಕೇಳಿಕೊಂಡು ಬರದ ಹೆಂಗಸರ ಕಾಲುಚೀಲವೊಂದನ್ನು ಅವಳೇ ಕೊಟ್ಟಳು.

"ಯಾರದ್ದೋ ಕಾಲುಚೀಲ. ನಾಳೆ ಬಂದು ಕೇಳಿದ್ರೆ?"

"ನಿನ್ನ ಕಾಲುಚೀಲದಲ್ಲಿ ಮಕ್ಕಳು ಮಲಗಿದ್ದಾವೆ, ಎಬ್ಬಿಸಬೇಡ ತಾಯಿ ಅನ್ನು."

ಬೇಕರಿಯವಳು ಅದನ್ನು ಕೇಳಿ ಬೀದಿಗೆಲ್ಲ ಹಂಚಿದಳು. ಅಂದಿನಿಂದ ತೊಟ್ಟಿಯಲ್ಲಿ ಯಾವುದು ತಾಯಿ ಹುಳವಾದರೂ ಅದಕ್ಕೆ ಇಸ್ತ್ರಿಯಮ್ಮನ ಸವತಿ ಎಂದೇ ಹೆಸರು.

*

ಕೋಸಿನ ಎಲೆಗಳನ್ನು ಅವಳು ನಿನ್ನೆ ಸಂಜೆಯೇ ನೀರಿಗೆ ಬಿಟ್ಟಿದ್ದಳು. ಕೈ ತಾನಾಗಿ ಮಾಡಿದ ಕೆಲಸ ಅದು. ಮನೆ ತುಂಬ ಜನ, ಯಾರೋ ಅಳುತ್ತಿದ್ದರು, ಅವಳು ಒಲೆಯ ಮುಂದೆ ನಿಂತು ಕೋಸಿನ ಎಲೆ ಬೇಯಿಸಿದಳು. ನೋಡಿದವರು ಹೆಂಗಸಿಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು.

ಈಗ ಆ ಎಲೆಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಇರುಳೆಲ್ಲ ತೊಟ್ಟಿಯ ಮೂಲೆಮೂಲೆಯಿಂದ ಮರಿಗಳು ಹೊರಟು ಬಂದು ಎಲೆಯ ಮೇಲೆ ಸೇರಿದ್ದವು. ಹುಳ ಸಾಗಿಸುವ ಬಗೆ ಅದೇ. ನಾವು ಹಿಡಿಯಬಾರದು. ಅದೇ ಬಂದು ಕೂರಬೇಕು. ಕೂತಮೇಲೆ ಎಲೆಯ ಕೆಳಗೆ ಅಗಲದ ತಟ್ಟೆ ಒಡ್ಡಿ, ನೀರಿನ ಸಮೇತ ಎತ್ತಬೇಕು.

"ಅಗಲದ ತಟ್ಟೆ ತಾ. ಆ ದೊಡ್ಡ ಪ್ಲಾಸ್ಟಿಕ್ ಟಬ್ಬೂ ತಾ," ಎಂದಳು ಮಗಳಿಗೆ. "ಇದೇ ತೊಟ್ಟಿ ನೀರು ಹಾಕು ಅದಕ್ಕೆ. ನಲ್ಲಿ ನೀರು ಬೇಡ."

"ಗೊತ್ತಮ್ಮಾ. ನಾನೂ ಈ ಮನೇಲೇ ಬೆಳೆದದ್ದು. ನನಗಿಂತ ಹುಳಕ್ಕೇ ಜಾಸ್ತಿ ಕೋಸು ಹಾಕಿದ್ದೀರಿ ನೀವಿಬ್ಬರೂ."

"ಹುಳ ಎದುರು ಮಾತಾಡ್ತಿರಲಿಲ್ಲ, ಅದಕ್ಕೆ."

ಎಲೆಗಳು ಒಂದೊಂದಾಗಿ ಟಬ್ಬಿಗೆ ಹೋದವು. ಗಾಜಿಗೆ ಅಂಟಿಕೊಂಡವು ಉಳಿದವು. ಪೇಂಟರ್ ಚೀಲ ತಡಕಿ, ಬಣ್ಣ ಮುಟ್ಟದ ಹೊಸ ಕುಂಚವೊಂದನ್ನು ತೆಗೆದ. ಬೆಕ್ಕಿನ ಬಾಲದಷ್ಟು ಮೆತ್ತಗಿತ್ತು. "ಬಾಗಿಲಿನ ಅಂಚಿಗೆ ಬಣ್ಣ ಹಚ್ಚೋಕೆ ಇಟ್ಟಿದ್ದೆ ಇದನ್ನ. ಆಗಲಿ, ಮೇಸ್ತ್ರಿ ಮರಿಗಳಿಗೆ ಬಳಸೋಣ. ಆದ್ರೆ ಅತ್ತಿಗೆ, ನನ್ನ ಕೈ ನಡುಗತ್ತೆ. ಸಂಜೆ ಹೊತ್ತಿಗೆ ಸರಿಹೋಗತ್ತೆ, ಬೆಳಗ್ಗೆ ನಡುಗತ್ತೆ. ಯಾಕೆ ಅಂತ ಕೇಳಬೇಡಿ."

"ಕೇಳೋದೇನು, ಊರಿಗೇ ಗೊತ್ತು."

"ಇಲ್ಲಿ ಕೊಡು," ಎಂದ ದೊಡ್ಡ ಮೇಸ್ತ್ರಿ.

ಎಲ್ಲರೂ ತಿರುಗಿ ನೋಡಿದರು. ಅವನು ತೋಳು ಮಡಚಿಕೊಳ್ಳುತ್ತಿದ್ದ. ಎಪ್ಪತ್ತು ಸಮೀಪಿಸಿದ ಕೈ. ಬೆರಳುಗಳ ಸಂದಿಯಲ್ಲಿ ಕಪ್ಪು ಕೂತಿತ್ತು. ಆದರೆ ನಡುಗುತ್ತಿರಲಿಲ್ಲ.

ಇಸ್ತ್ರಿಯಮ್ಮ ಅಡ್ಡ ನಿಂತಳು. "ಮೊದಲು ಕೈ ತೊಳೀರಿ."

"ತೊಳೆದೇ ಬಂದಿದ್ದೀನಿ."

"ಸೋಪು ಬೇಡ. ಬರೀ ನೀರಲ್ಲಿ, ಚೆನ್ನಾಗಿ ಉಜ್ಜಿ. ಉಗುರಿನೊಳಗೂ."

ಅವನು ಹೋಗಿ ತೊಳೆದು ಬಂದ. ಅವಳು ಕೈ ಹಿಡಿದು ನೋಡಿ, "ಇನ್ನೊಂದು ಸಲ," ಎಂದಳು. ಅಷ್ಟಕ್ಕೆ ಮೂಗಿನ ತುದಿಯಲ್ಲಿದ್ದ ಅವನ ಕೋಪ ಬಾಯಿಗೆ ಬಂತು.

"ನನ್ನ ಕೈಗೇನಾಗಿದೆ? ಕುಷ್ಠಾನಾ? ತಮ್ಮ ನನ್ನ ಕೆಲಸ ಬೇಡ ಅಂದ, ನೀನು ನನ್ನ ಕೈನೇ ಬೇಡ ಅಂತೀಯ!"

"ದಿನಾ ತಾಮ್ರದ ಪೈಪು ಹಿಡೀತೀರೋ ಇಲ್ವೋ?"

"ಹಿಡೀದೆ? ಅದೇ ನನ್ನ ಅನ್ನ."

"ತಾಮ್ರ ಈ ಹುಳಕ್ಕೆ ವಿಷ. ಒಂದು ಚೂರು ಸಾಕು."

"ಯಾರು ಹೇಳಿದ್ದು? ನಾನು ಹಾಕಿದ ಪೈಪಲ್ಲಿ ಊರೇ ನೀರು ಕುಡೀತಿದೆ."

ಇಸ್ತ್ರಿಯಮ್ಮ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ಅವಳನ್ನು ಬಲ್ಲವರಿಗೆ ಅದು ಗಾಬರಿಯ ವಿಷಯ. ಬಂದ ಮಾತನ್ನು ಅವಳು ನುಂಗಿದ್ದನ್ನು ಮಗಳು ಕೂಡ ಅದುವರೆಗೆ ಕಂಡಿರಲಿಲ್ಲ.

*

ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ದೊಡ್ಡ ಮೇಸ್ತ್ರಿಯ ಮನೆಯಲ್ಲಿ ಮಗು ಹುಟ್ಟಿ ಉಳಿಯಲಿಲ್ಲ. ಮದುವೆಯಾಗಿ ಬಹಳ ಕಾಲಕ್ಕೆ, ಇನ್ನು ಆಗದು ಎಂದು ಎಲ್ಲರೂ ಕೈಬಿಟ್ಟ ಮೇಲೆ ಆದ ಮಗು. ಅದಾದ ಮೇಲೆ ದೊಡ್ಡ ಮೇಸ್ತ್ರಿ ಯಾರ ಜೊತೆಯೂ ಮಾತಾಡಲಿಲ್ಲ. ಒಂದು ಬೆಳಗ್ಗೆ ಹೊಸ ತಾಮ್ರದ ಪೈಪು ಹೆಗಲ ಮೇಲೆ ಹೊತ್ತು ತಮ್ಮನ ಮನೆಗೆ ಬಂದ.

"ಏನಣ್ಣ ಇದು?"

"ನೀನು ದಿನಾ ಬಕೆಟ್ಟಲ್ಲಿ ನೀರು ಹೊರ್ತೀಯಂತೆ ಆ ತೊಟ್ಟಿಗೆ. ಅಡುಗೆಮನೆಯಿಂದ ಒಂದು ಲೈನ್ ಎಳೀತೀನಿ. ಮರಿಗಳಾಗಿದಾವಂತಲ್ಲ."

ಮೂರು ದಿನ ಕೆಲಸ ಮಾಡಿದ. ಗೋಡೆಯುದ್ದಕ್ಕೂ ಹೊಳೆಯುವ ಪೈಪು. ಬೆಸುಗೆಯ ಜಾಗದಲ್ಲಿ ಉಂಗುರ ತೊಡಿಸಿದ ಹಾಗೆ ಸಣ್ಣ ಬೆಳ್ಳಿಗೆರೆ, ಅಷ್ಟೇ. ಕೆಲಸ ಮುಗಿದ ಸಂಜೆ ತೊಟ್ಟಿಯ ಮುಂದೆ ಕೂತು ಮರಿಗಳನ್ನು ನೋಡುತ್ತ, ಮಗು ಹೋದಮೇಲೆ ಮೊದಲ ಸಲ ತನಗಾಗಿ ಬಾಯಿ ತೆರೆದು, "ಒಂದು ಲೋಟ ಚಹಾ ಕೊಡಮ್ಮಾ," ಎಂದಿದ್ದ.

ವಾರದೊಳಗೆ ಅಷ್ಟೂ ಮರಿ ಸತ್ತವು. ನೀರಿನ ತಳಕ್ಕೆ ಎಳ್ಳಿನ ಹಾಗೆ ಉದುರಿ ಬಿದ್ದವು. ತಾಯಿ ಹುಳ ಚಿಪ್ಪಿನೊಳಗೆ ಸೇರಿ ಬಾಗಿಲು ಹಾಕಿಕೊಂಡಿತು, ಅದೊಂದೇ ಉಳಿಯಿತು. ಮೀನಿನ ಅಂಗಡಿಯವನು ಕೇಳಿದ್ದು ಒಂದೇ ಮಾತು: "ಹೊಸದಾಗಿ ತಾಮ್ರ ಏನಾದ್ರೂ ಹಾಕಿದ್ರಾ?"

ಚಿಕ್ಕ ಮೇಸ್ತ್ರಿ ಮನೆಗೆ ಬಂದು ಪೈಪು ಕಿತ್ತ. ಕೀಳುವಾಗ ಅಳುತ್ತಿದ್ದ. ಮರಿಗಳಿಗಾಗಿ ಅತ್ತನೋ, ಆ ಕೆಲಸದ ಅಂದಕ್ಕೆ ಅತ್ತನೋ, ಅವಳಿಗೆ ಇವತ್ತಿಗೂ ತಿಳಿಯದು. ಅದೇ ಹೊತ್ತಿಗೆ ಅಣ್ಣ ಬಾಗಿಲಲ್ಲಿ ಬಂದು ನಿಂತ.

"ಯಾಕೋ ಕಿತ್ತೆ?"

ಮರಿಗಳು ನಿನ್ನ ಕೈಯಿಂದ ಸತ್ತವು ಎಂದು, ಆಗತಾನೆ ಮಗು ಕಳೆದುಕೊಂಡವನಿಗೆ ಯಾವ ಬಾಯಲ್ಲಿ ಹೇಳುವುದು? ಚಿಕ್ಕ ಮೇಸ್ತ್ರಿ ಬಾಯಿಗೆ ಬಂದದ್ದನ್ನು ಹೇಳಿದ. "ಸೋರ್ತಿತ್ತು."

ಬೆಸುಗೆಯವನಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅವನ ಅಪ್ಪ ಅಮ್ಮನನ್ನು ಬೈದರೂ ತಡೆದುಕೊಂಡಾನು. "ನನ್ನ ಜಾಯಿಂಟಾ? ಸೋರ್ತಿತ್ತಾ?" ಎಂದ ದೊಡ್ಡ ಮೇಸ್ತ್ರಿ. ಹೊರಟು ಹೋದ.

"ಹೋಗಿ ನಿಜ ಹೇಳ್ರೀ," ಎಂದು ಅವಳು ಎಷ್ಟು ಸಲ ಹೇಳಿದಳೋ. "ಇನ್ನು ಸ್ವಲ್ಪ ದಿನ ಹೋಗ್ಲಿ" ಎನ್ನುತ್ತಿದ್ದ. ಹಸಿಯಾಗಿದ್ದಾಗ ಬಿಡಿಸದ ಸುಳ್ಳು ಒಣಗಿ ಗಟ್ಟಿಯಾಯಿತು. ಆಮೇಲೆ ಎಳೆದರೆ ಏನು ಹರಿಯುತ್ತದೋ ಎಂಬ ಭಯ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿನವೂ ಅವನ ಮೊದಲ ಪ್ರಶ್ನೆ: "ಬಣ್ಣ ಹೇಗಿದೆ?" ಅವನು ಮಲಗುವ ಮುಂಚಿನ ದಿನ ಮುಚ್ಚಳಕ್ಕೆ ಗೊಂಚಲು ಬಿದ್ದಿತ್ತು, ಡಬ್ಬಿಗೆ ಎತ್ತಿಡಲು ಪುರುಸೊತ್ತಾಗಿರಲಿಲ್ಲ.

"ಗುಲಾಬಿ ಹೋಯ್ತು. ಬೂಷ್ಟು ಹಿಡಿದ ಹಾಗಿದೆ," ಎಂದಳು ಕೊನೆಯ ವಾರ.

"ಹಾಗಾದ್ರೆ ಹತ್ರ ಬಂತು." ಮುಖ ಅರಳಿತು. "ನೋಡು, ನಾನು ಬರದೇ ಹೋದ್ರೆ ಒಂದೊಂದಕ್ಕೂ ಒಳ್ಳೆ ಮನೆ ನೋಡು. ಚರಂಡಿಗೆ ಬಿಡಬೇಡ, ಕೆರೆಗೂ ಬಿಡಬೇಡ. ಚರಂಡಿಗೆ ಬಿಟ್ರೆ ಇವು ಸಾಯ್ತಾವೆ, ಕೆರೆಗೆ ಬಿಟ್ರೆ ಕೆರೆ ಸಾಯತ್ತೆ. ಇದ್ದಬದ್ದ ಹಸುರೆಲ್ಲ ತಿಂದು ಹಾಕ್ತಾವೆ."

"ಮಗಳ ಮದುವೆಗೂ ಇಷ್ಟು ಯೋಚನೆ ಮಾಡಿರಲಿಲ್ಲ ನೀವು."

"ಅವಳು ತಾನೇ ಹುಡುಕಿಕೊಂಡ್ಲಲ್ಲ. ಇವಕ್ಕೆ ಬಾಯಿಲ್ಲ."

"ಸರಿ. ಭಾವನಿಗೆ ಆ ಪೈಪಿನ ವಿಷಯ ಹೇಳ್ಲಾ?"

ಅವನು ಗೋಡೆಯ ಕಡೆ ನೋಡಿ ನಕ್ಕ. "ನಾನಿರೋವರೆಗೂ ಬೇಡ. ನಾಚಿಕೆ ಆಗತ್ತೆ."

*

"ಯಾರು ಹೇಳಿದ್ದು ಅಂತ ಕೇಳಿದೆ," ಎಂದ ದೊಡ್ಡ ಮೇಸ್ತ್ರಿ, ಒದ್ದೆ ಕೈ ಎತ್ತಿ ಹಿಡಿದುಕೊಂಡೇ.

ಅವರಿರುವವರೆಗೆ ಬೇಡ ಅಂದಿದ್ದರು. ಈಗ ಅವರಿಲ್ಲ. ಇಸ್ತ್ರಿಯಮ್ಮನ ಲೆಕ್ಕ ಯಾವಾಗಲೂ ಇಷ್ಟೇ ಸುಲಭ.

"ಭಾವ, ನಿಮ್ಮ ಪೈಪು ಸೋರಲಿಲ್ಲ."

"ಏನು?"

"ಒಂದು ಹನೀನೂ ಸೋರಲಿಲ್ಲ. ಮರಿಗಳು ಸತ್ತುಹೋದ್ವು, ತಾಮ್ರದಿಂದ. ಅದಕ್ಕೆ ಕಿತ್ತಿದ್ದು. ಆಗ ನಿಮ್ಮ ಮನೇಲಿ ಮಗು ಹೋಗಿ ತಿಂಗಳೂ ಆಗಿರಲಿಲ್ಲ. ನಿಮ್ಮ ಕೈಯಿಂದ ಮರಿ ಸತ್ವು ಅಂತ ಹೇಳೋಕೆ ಅವರಿಗೆ ಬಾಯಿ ಬರಲಿಲ್ಲ. ಸೋರ್ತಿತ್ತು ಅಂದ್ರು."

ಮಗಳು ತಟ್ಟೆ ಹಿಡಿದು ಹಾಗೇ ನಿಂತಳು. ಪೇಂಟರ್ ಕುಂಚವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಮತ್ತೆ ತೆಗೆದ.

ದೊಡ್ಡ ಮೇಸ್ತ್ರಿಯ ಬಾಯಿಂದ ಬಂದ ಮಾತು ಯಾರೂ ನಿರೀಕ್ಷಿಸಿದ್ದಲ್ಲ.

"ಸೋರಲಿಲ್ವಾ?"

"ಇಲ್ಲ."

"ತಿರುವಿನ ಎಲ್ಬೋ ಹತ್ರಾನೂ?"

"ಅಲ್ಲೂ ಇಲ್ಲ."

"ಕತ್ತೆ!" ಎಂದ ದೊಡ್ಡ ಮೇಸ್ತ್ರಿ. "ಕತ್ತೆ ನನ್ನ ಮಗ! ಕೊಂದೆ ಅಂದಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಸೋರತ್ತೆ ಅಂದನಲ್ಲ! ನಾನು ಇಷ್ಟು ವರ್ಷ ಒಂದೊಂದು ಜಾಯಿಂಟಿಗೂ ಎರಡೆರಡು ಸಲ ಬೆಸುಗೆ ಹಾಕಿದ್ದೀನಿ, ಗೊತ್ತಾ? ಅವನೊಬ್ಬನ ಮಾತಿಗೆ! ಎದ್ದೆದ್ದು ಹೋಗಿ ಕೈ ಸವರಿ ನೋಡಿದ್ದೀನಿ, ಒದ್ದೆ ಇದೆಯಾ ಅಂತ!"

"ಅದನ್ನ ಅವರಿಗೇ ಹೇಳಿ, ಬರ್ತಾರಲ್ಲ ಈಗ," ಎಂದಳು ಇಸ್ತ್ರಿಯಮ್ಮ. ಅವಳ ದನಿ ಮೆತ್ತಗಾಗಿತ್ತು. "ಇಲ್ಲಿ ಬನ್ನಿ. ನಿಮ್ಮ ಕೋಟು ಎಲ್ಲಿ ಹಾಕಿದ್ದೀರಿ ನೋಡಿ."

ಅವನು ಕಂಬಿಯ ಕಡೆ ನೋಡಿದ. ಗೋಡೆಯಿಂದ ಗೋಡೆಗೆ, ಇಸ್ತ್ರಿ ಮೇಜಿನ ಮೇಲೆ, ಯಾರ್ಯಾರದ್ದೋ ಅಂಗಿಗಳನ್ನು ಹೊತ್ತು ನಿಂತ ಕಂಬಿ. ಇಷ್ಟು ವರ್ಷದ ಉಗಿ ಕುಡಿದು ಕಪ್ಪಾಗಿ, ಅಲ್ಲಲ್ಲಿ ಹಸಿರು ಕಟ್ಟಿತ್ತು. ನಡುವೆ ಒಂದು ಜಾಯಿಂಟು. ಅವನು ಕೋಟನ್ನು ಪಕ್ಕಕ್ಕೆ ಸರಿಸಿ, ಹತ್ತಿರ ಹೋಗಿ, ಹೆಬ್ಬೆರಳಿನಿಂದ ಆ ಜಾಗವನ್ನು ಉಜ್ಜಿದ. ಇನ್ನೊಮ್ಮೆ ಉಜ್ಜಿದ. ತಲೆಯಾಡಿಸಿದ.

"ಬಿಸಾಕೋಕೆ ಮನಸ್ಸು ಬರಲಿಲ್ಲ ಅವರಿಗೆ. ಇಷ್ಟು ಬಟ್ಟೆ ಹೊತ್ತರೂ ಬಗ್ಗಿಲ್ಲ ನೋಡು, ನನ್ನಣ್ಣನ ಕೆಲಸ ಅಂತಿದ್ರು. ನನಗೆ ಹೇಳ್ತಿದ್ರು, ನಿಮಗೆ ಹೇಳೋಕೆ ಏನಾಗಿತ್ತೋ."

"ಮತ್ತೆ ತಾಮ್ರ ಮುಟ್ಟಿದೆ," ಎಂದ ಅವನು. ಕೈ ನೋಡಿಕೊಂಡ. ಯಾರೂ ಹೇಳದೆ ಹೋಗಿ ತೊಳೆದುಕೊಂಡ. ಬಹಳ ಹೊತ್ತು ನೀರಿನ ಸದ್ದು ಬರುತ್ತಲೇ ಇತ್ತು. ಮುಖವನ್ನೂ ತೊಳೆದುಕೊಂಡಿರಬೇಕು.

ಬಂದು ತೊಟ್ಟಿಯ ಮುಂದೆ ಮಂಡಿಯೂರಿ ಕೂತ. ಗಾಜಿನ ಮೇಲಿನ ಮರಿಯ ಕೆಳಗೆ ಕುಂಚದ ತುದಿ ತಂದು, ಎತ್ತದೆ, ಬದಿಗೆ ಸರಿಸುತ್ತ, ಅದು ಕೂದಲಿಗೆ ಹತ್ತುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಹತ್ತಿದ ಮೇಲೆ ಟಬ್ಬಿನ ನೀರಿನಲ್ಲಿ ಅದ್ದುತ್ತಿದ್ದ. ಇಸ್ತ್ರಿಯಮ್ಮ ಹೇಳಿಕೊಡುವ ಮೊದಲೇ ಅವನಿಗೆ ತಿಳಿದುಹೋಗಿತ್ತು, ಎಳೆದರೆ ಹರಿಯುತ್ತದೆ ಎಂದು.

ಪೆಟ್ಟಿಗೆಯ ಗಾಡಿ ಬಂದು ಹಾರ್ನ್ ಹೊಡೆಯಿತು. ಡ್ರೈವರ್ ಇಳಿದು, "ಒಳಗೆ ತರೋದಾ?" ಎಂದು ಕೇಳಿದ.

"ತಡೀ!" ಎಂದು ದೊಡ್ಡ ಮೇಸ್ತ್ರಿ ತಲೆ ಎತ್ತದೆ ಗದರಿದ. "ಮೂಲೇಲಿ ಇನ್ನೂ ಇದಾವೆ."

"ಅಂತೂ ಮೇಸ್ತ್ರಿ ಬೀದೀಲಿ ಕಾದ," ಎಂದ ಪೇಂಟರ್. ಮೊದಲು ನಕ್ಕವಳು ಇಸ್ತ್ರಿಯಮ್ಮ. ಮೂರು ದಿನದಲ್ಲಿ ಮೊದಲ ನಗು. ನಗು ಬಂದ ದಾರಿಯಲ್ಲೇ ಹಿಂದೆ ಅಳುವೂ ಬಂತು. ಮಗಳು ತಟ್ಟೆ ಕೆಳಗಿಟ್ಟು ಅವಳನ್ನು ತಬ್ಬಿಕೊಂಡಳು.

ತೊಟ್ಟಿ ಖಾಲಿಯಾಯಿತು. ನೀರನ್ನು ಕಾಲುಚೀಲದಲ್ಲಿ ಸೋಸಿ, ಹಿತ್ತಲ ಗಿಡಗಳ ಬುಡಕ್ಕೆ ಸುರಿದರು. ನಾಲ್ಕು ಜನ ಹಿಡಿದು ಸ್ಟ್ಯಾಂಡನ್ನು ಒಳಕೋಣೆಗೆ ಸರಿಸಿದರು. ಪೆಟ್ಟಿಗೆ ಬಾಗಿಲಲ್ಲಿ ಸಲೀಸಾಗಿ ತಿರುಗಿತು. ತೊಟ್ಟಿ ಇದ್ದ ಜಾಗದಲ್ಲೇ ಚಿಕ್ಕ ಮೇಸ್ತ್ರಿಯನ್ನು ಇಳಿಸಿದರು.

ದೊಡ್ಡ ಮೇಸ್ತ್ರಿ ಪಕ್ಕದಲ್ಲಿ ಕೂತು ಏನೋ ಹೇಳುತ್ತಿದ್ದ. ಬೈಗುಳವೇ ಇರಬೇಕು, ತುಟಿ ಅಷ್ಟು ಜೋರಾಗಿ ಅಲುಗುತ್ತಿತ್ತು. ಇಸ್ತ್ರಿಯಮ್ಮ ಅತ್ತ ಹೋಗಲಿಲ್ಲ. ಅಣ್ಣ ತಮ್ಮನ ನಡುವಿನ ಮಾತು, ಬಾಕಿ ಬಹಳ ಇತ್ತು.

*

ಮಣ್ಣು ಮಾಡಿ ಬಂದಾಗ ಬಿಸಿಲು ಇಳಿದಿತ್ತು. ಬಂದವರಿಗೆ ಚಹಾ ಕೊಟ್ಟು, ಹೊರಡುವವರ ಕೈಗೆ ಇಸ್ತ್ರಿಯಮ್ಮ ಒಂದೊಂದು ಗಾಜಿನ ಸೀಸೆ ಇಟ್ಟಳು. ಜಾಮಿನದು, ಉಪ್ಪಿನಕಾಯಿಯದು, ಔಷಧಿಯದು. ಚಿಕ್ಕ ಮೇಸ್ತ್ರಿ ವರ್ಷಗಳಿಂದ ತೊಳೆದು ಕೂಡಿಟ್ಟವು. ಒಂದೊಂದರಲ್ಲೂ ಒಂದು ಚೂರು ಎಲೆ, ಎಲೆಯ ಮೇಲೆ ಮರಿಗಳು. ಅವಳು ಯಾರನ್ನೂ ಕೇಳಲಿಲ್ಲ. ಮುಖ ನೋಡಿ ಕೊಟ್ಟಳು. ಇಬ್ಬರು ಮೂವರನ್ನು ನೋಡಿ ಕೊಡಲಿಲ್ಲ.

"ನಾನು ಬೆಕ್ಕನ್ನೇ ಸಾಕಿದವಳಲ್ಲ ಅಕ್ಕಾ," ಎಂದಳು ಬೇಕರಿಯವಳು, ಸೀಸೆಯನ್ನು ಎದೆಗೊತ್ತಿಕೊಂಡು. "ನಿನ್ನ ಸವತಿ ಮಕ್ಕಳು ನನ್ನ ಪಾಲಿಗೆ ಬಂದ್ವಲ್ಲ."

"ಮೊಟ್ಟೆ ಚಿಪ್ಪು ನಿನ್ನ ಅಂಗಡೀಲಿ ರಾಶಿ ಬೀಳತ್ತೆ. ಅರೆದು ಹಾಕು. ಮನೆಗೆ ಹೋದ ಕೂಡಲೇ ಹೊಸ ನೀರಿಗೆ ಸುರೀಬೇಡ. ಸೀಸೇನ ಆ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸು, ಚಮಚ ಚಮಚ ಬೆರೆಸು. ಒಗ್ಗಿಕೊಳ್ಳಬೇಕು."

"ನನಗೂ ಹೊಸ ಮನೆಗೆ ಬಂದಾಗ ಯಾರಾದ್ರೂ ಹೀಗೆ ಮಾಡಿದ್ರೆ ಆಗ್ತಿತ್ತು," ಎಂದಳು ಬೇಕರಿಯವಳು.

"ಬೇಡ ಅನ್ನಿಸಿದ್ರೆ ವಾಪಸ್ ತಂದುಕೊಡು. ಕೆರೆಗೆ ಮಾತ್ರ ಬಿಡಬೇಡ."

ಪೇಂಟರ್ ಔಷಧಿ ಸೀಸೆಯೇ ಬೇಕೆಂದು ಆರಿಸಿಕೊಂಡ. ಬೇರೆ ಸೀಸೆ ಕೈಯಲ್ಲಿ ಹಿಡಿದು ನಡೆದರೆ ಬೀದಿಯವರು ಬೇರೆ ತಿಳಿದಾರು ಎಂದ. ಮಗಳು ತನ್ನ ಪಾಲಿನದನ್ನು ಆಗಲೇ ಬ್ಯಾಗಿನಲ್ಲಿ ಟವೆಲ್ ಸುತ್ತಿ ಇಟ್ಟುಕೊಂಡಿದ್ದಳು. ಟಬ್ಬು ಬಹುಮಟ್ಟಿಗೆ ಖಾಲಿಯಾಯಿತು. ತಾಯಿ ಹುಳ ತಳದಲ್ಲಿ ಕೂತು ಕೋಸಿನ ದಂಟು ಮೇಯುತ್ತಿತ್ತು. ಅದನ್ನು ಯಾರಿಗೂ ಕೊಡುವ ಮಾತಿರಲಿಲ್ಲ.

ಕೊನೆಗೆ ದೊಡ್ಡ ಮೇಸ್ತ್ರಿ ಎದ್ದ. "ನಾನು ಬರ್ತೀನಮ್ಮ."

ಅವಳು ಇದ್ದುದರಲ್ಲಿ ದೊಡ್ಡ ಸೀಸೆಯನ್ನು ತಂದಳು. ಉಳಿದ ಎಲೆ ಅದರಲ್ಲಿತ್ತು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

"ಬೇಡ. ನನ್ನ ಕೈಗೆ ಕೊಡಬೇಡ. ನಮ್ಮ ಮನೆ ತುಂಬ ತಾಮ್ರ."

"ಗೊತ್ತಿದ್ದೇ ಕೊಡ್ತಿರೋದು. ಪ್ಲಾಸ್ಟಿಕ್ ಬಕೆಟ್ಟು ಒಂದು ಕೊಂಡ್ಕೊಳ್ಳಿ."

"ಇವೂ ಸತ್ರೆ?"

ಆ ಮುಖ ಅವಳಿಗೆ ನೆನಪಿತ್ತು. ಪೈಪು ಹೊತ್ತು ಬಂದ ಬೆಳಗಿನ ಮುಖ.

"ಸತ್ರೆ ಬಂದು ಹೇಳಿ. ನಾನು ಸುಳ್ಳು ಹೇಳೋದಿಲ್ಲ, ಬೈತೀನಿ. ಹಿಡ್ಕೊಳ್ಳಿ."

ಅವನು ಹಿಡಿದ. ಒಂದು ಕೈ ತಳಕ್ಕೆ, ಒಂದು ಕೈ ಬಾಯಿಗೆ. ಹೊಸಿಲಲ್ಲಿ ನಿಂತು, ಯಾವ ಕಾಲು ಮೊದಲಿಡುವುದು ಎಂದು ಯೋಚಿಸಿದವನಂತೆ ಕೆಳಗೆ ನೋಡಿ, ಮೆಟ್ಟಿಲಿಳಿದ. ಬೀದಿಯಲ್ಲಿ ಅವನ ನಡಿಗೆ ಯಾವಾಗಲೂ ದಾಪುಗಾಲು. ಇವತ್ತು ಒಂದೊಂದೇ ಹೆಜ್ಜೆ, ನೀರು ತುಳುಕದ ಹಾಗೆ.

"ದೊಡ್ಡಪ್ಪಾ, ಕೋಟು!" ಎಂದು ಮಗಳು ಕೂಗಿದಳು.

ಅವನ ಕಣ್ಣು ಸೀಸೆಯ ಮೇಲಿತ್ತು. ಕೇಳಿಸಿತೋ ಇಲ್ಲವೋ. ತಿರುಗಿದರೆ ನೀರು ಅಲುಗುತ್ತದೆ. ಮೂಲೆಯ ದೀಪದ ಕಂಬದ ಹತ್ತಿರ ಎದುರು ಬಂದ ಸೈಕಲ್ಲಿನವನಿಗೆ ಏನೋ ಗದರಿದ ಸದ್ದು ಕೇಳಿತು. ಆಮೇಲೆ ಅವನು ಕಾಣಲಿಲ್ಲ.

ಅವನು ಕೋಟಿಗಾಗಿ ಹಿಂದಿರುಗಿ ಬಂದಾನು ಎಂದು ಇಸ್ತ್ರಿಯಮ್ಮ ಬಾಗಿಲು ತೆರೆದೇ ಇಟ್ಟಳು. ಮೇಜಿನ ಮುಂದೆ ಸ್ಟೂಲ್ ಎಳೆದುಕೊಂಡು ಕೂತಳು. ಬೀದಿ ದೀಪ ಹೊತ್ತಿತು. ಅವನು ಬರಲಿಲ್ಲ. ಕೋಟು ಕಂಬಿಯಲ್ಲಿ, ತೋಳು ಇಳಿಬಿಟ್ಟು, ಯಾರ್ಯಾರದ್ದೋ ಅಂಗಿಗಳ ಸಾಲಿನಲ್ಲಿ ತೂಗುತ್ತಿತ್ತು. ಅದರ ಪಕ್ಕದಲ್ಲಿ, ಕಪ್ಪುಗಟ್ಟಿದ ಪೈಪಿನ ನಡುವೆ, ಜಾಯಿಂಟಿನ ಹತ್ತಿರ ಹೆಬ್ಬೆರಳಿನಷ್ಟು ಜಾಗ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು.